ಉತ್ತರದಲ್ಲಿ ಬಿಟ್ಟುಹೋದ ಹೆಸರು: ಲೀಸೆ ಮೈಟ್ನರ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಸಾಫ್ಟ್‌ವೇರ್ ಕೆಲಸದವನಾದ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ಒಂದು ರಸಪ್ರಶ್ನೆಯನ್ನು. ‘ಬೈಜಿಕ ವಿದಳನವನ್ನು ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆಗೆ ‘ಒಟ್ಟೊ ಹಾನ್’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಒಂದು ಹೆಸರು, ಒಂದು ಅಂಕ. ಮುಂದೆ ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಗ್ರಂಥಾಲಯದಲ್ಲಿ ಆ ಕಾಲದ ವಿಜ್ಞಾನದ ಇತಿಹಾಸ ಓದಿದ ಮೇಲೆ, ಆ ಉತ್ತರ ಸುಳ್ಳಲ್ಲದಿದ್ದರೂ ಅರ್ಧ ಮಾತ್ರ ಎಂದು ತಿಳಿಯಿತು. ಉಳಿದ ಅರ್ಧ ಸೇರಬೇಕಾದದ್ದು ಲೀಸೆ ಮೈಟ್ನರ್ ಎಂಬ ಮಹಿಳೆಗೆ.

ವಿದಳನ ನಮಗೆ ದೂರದ ಸಂಗತಿಯೇನೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ವಿದ್ಯುತ್ ಹುಟ್ಟುವುದು ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಬರುವ ಶಾಖದಿಂದ. ಅಲ್ಲಿನ ಮೊದಲನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಡೆದು ಅಂದಿನ ವಿಶ್ವದಾಖಲೆ ಮಾಡಿತು. ಯುರೇನಿಯಂ ಬೀಜ ಒಡೆಯುತ್ತದೆ, ಒಡೆದಾಗ ಇಷ್ಟು ಶಕ್ತಿ ಬರುತ್ತದೆ ಎಂದು ಮೊದಲು ಲೆಕ್ಕ ಹಾಕಿದವರಲ್ಲಿ ಮೈಟ್ನರ್ ಒಬ್ಬರು. ಆ ಲೆಕ್ಕ ನಡೆದ ಜಾಗ ಪ್ರಯೋಗಾಲಯವಲ್ಲ, ಹಿಮ ಬಿದ್ದಿದ್ದ ಒಂದು ಕಾಡುದಾರಿ. ಆಗ ಅವರಿಗೆ ಅರವತ್ತು ವರ್ಷ. ದೇಶ, ಕೆಲಸ, ಮನೆ ಎಲ್ಲವನ್ನೂ ಕಳೆದುಕೊಂಡು ಐದು ತಿಂಗಳಾಗಿತ್ತು.

ಹದಿನಾಲ್ಕಕ್ಕೆ ನಿಂತ ಶಾಲೆ

ಲೀಸೆ ಮೈಟ್ನರ್ ಹುಟ್ಟಿದ್ದು 1878ರ ನವೆಂಬರಿನಲ್ಲಿ, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಯಹೂದಿ ಮನೆತನ, ತಂದೆ ವಕೀಲರು, ಎಂಟು ಮಕ್ಕಳಲ್ಲಿ ಲೀಸೆ ಮೂರನೆಯವರು. ಆ ಕಾಲದ ಆಸ್ಟ್ರಿಯಾದಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಶಾಲೆ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತಿತ್ತು. ವಿಶ್ವವಿದ್ಯಾಲಯಕ್ಕೆ ತಯಾರು ಮಾಡುವ ಪ್ರೌಢಶಾಲೆಗಳು ಗಂಡುಮಕ್ಕಳಿಗೆ ಮಾತ್ರ. 1897ರಲ್ಲಿ ವಿಶ್ವವಿದ್ಯಾಲಯದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತಾದರೂ, ಪ್ರವೇಶ ಪರೀಕ್ಷೆಗೆ ಓದಿಸುವ ಶಾಲೆಯೇ ಅವರಿಗೆ ಇರಲಿಲ್ಲ. ಲೀಸೆ ಮನೆಪಾಠ ಹೇಳಿಸಿಕೊಂಡು, ಎಂಟು ವರ್ಷದ ಪಾಠವನ್ನು ಎರಡು ವರ್ಷದಲ್ಲಿ ಓದಿ, 1901ರಲ್ಲಿ ಪರೀಕ್ಷೆ ಪಾಸು ಮಾಡಿದರು. ಆ ಸಲ ಕೂತ ಹದಿನಾಲ್ಕು ಹುಡುಗಿಯರಲ್ಲಿ ಪಾಸಾದವರು ನಾಲ್ವರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಮ್ಮ. ನಮ್ಮೂರಿಗೆ ಈ ಪ್ರೌಢಶಾಲೆ ಬರುವ ಮೊದಲು ಏಳನೆಯ ತರಗತಿಯ ಮೇಲೆ ಓದಬೇಕೆಂದರೆ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಿತ್ತು. ಗಂಡುಮಕ್ಕಳನ್ನು ನೆಂಟರ ಮನೆಯಲ್ಲಿ ಇಟ್ಟು ಓದಿಸುತ್ತಿದ್ದರು, ಹೆಣ್ಣುಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಜಾಣೆಯಾಗಿದ್ದ ದೊಡ್ಡಮ್ಮನ ಓದು ಹಾಗೆ ನಿಂತಿತು. ಅವರಿಗಿಂತ ಆರು ವರ್ಷ ಚಿಕ್ಕವರಾದ ನಮ್ಮ ಅಮ್ಮನ ಹೊತ್ತಿಗೆ ಊರಲ್ಲಿ ಶಾಲೆ ಆಗಿತ್ತು. ಅಮ್ಮ ಇಲ್ಲಿಯೇ ಎಸ್‌ಎಸ್‌ಎಲ್‌ಸಿ ಮುಗಿಸಿದರು. ಅಕ್ಕತಂಗಿಯರಲ್ಲಿ ಬುದ್ಧಿಯ ವ್ಯತ್ಯಾಸವೇನೂ ಇರಲಿಲ್ಲ. ನಡೆದುಹೋಗುವಷ್ಟು ಹತ್ತಿರದಲ್ಲಿ ಒಂದು ಶಾಲೆ ಇತ್ತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಬಡಗಿ ಕೋಣೆಯ ವಿಜ್ಞಾನಿ

ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಲೀಸೆಗೆ ಪಾಠ ಹೇಳಿದವರು ಲುಡ್‌ವಿಗ್ ಬೋಲ್ಟ್ಸ್‌ಮನ್, ಅಣುಗಳಿವೆಯೇ ಇಲ್ಲವೇ ಎಂದು ದೊಡ್ಡವರೇ ಜಗಳವಾಡುತ್ತಿದ್ದ ಕಾಲದಲ್ಲಿ ಅಣುಗಳ ಪರ ನಿಂತವರು. 1906ರಲ್ಲಿ ಡಾಕ್ಟರೇಟ್ ಪಡೆದ ಲೀಸೆ ಮರುವರ್ಷ ಮ್ಯಾಕ್ಸ್ ಪ್ಲಾಂಕ್ ಅವರ ಪಾಠ ಕೇಳಲೆಂದು ಬರ್ಲಿನ್‌ಗೆ ಹೋದರು. ಅಲ್ಲಿ ಅವರಿಗೆ ಒಟ್ಟೊ ಹಾನ್ ಎಂಬ ರಸಾಯನಶಾಸ್ತ್ರಜ್ಞರ ಪರಿಚಯವಾಯಿತು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಇಬ್ಬರಿಗೂ ಆಸಕ್ತಿ ಇದ್ದದ್ದು ಆಗ ಹೊಸದಾಗಿದ್ದ ವಿಕಿರಣಶೀಲತೆಯಲ್ಲಿ. ಧಾತುಗಳನ್ನು ಬೇರ್ಪಡಿಸುವುದು ಹಾನ್ ಅವರ ಕೈಚಳಕ, ಅವುಗಳಿಂದ ಬರುವ ವಿಕಿರಣವನ್ನು ಅಳೆದು ಅರ್ಥ ಹೇಳುವುದು ಲೀಸೆಯವರ ಕೆಲಸ.

ಹಾನ್ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರ ಸಂಸ್ಥೆಯಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ನೆಲಮಾಳಿಗೆಯಲ್ಲಿ, ಹಿಂದೆ ಬಡಗಿ ಕೆಲಸಕ್ಕೆ ಬಳಸುತ್ತಿದ್ದ ಕೋಣೆಯಲ್ಲಿ ಅವರು ಪ್ರಯೋಗ ಮಾಡಬಹುದು, ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲು. ಮೇಲಿನ ಅಂತಸ್ತಿನ ಪ್ರಯೋಗಾಲಯಗಳಿಗೆ ಕಾಲಿಡುವಂತಿಲ್ಲ. ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಬೇಕಾದರೆ ಬೀದಿಯಲ್ಲಿದ್ದ ಹೋಟೆಲಿಗೆ ಹೋಗಬೇಕು. ಪ್ರಷ್ಯಾದಲ್ಲಿ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ತೆರೆದ ಮೇಲೆಯೇ ಈ ನಿರ್ಬಂಧ ಹೋದದ್ದು. ಸಂಬಳವಂತೂ 1912ರವರೆಗೆ ಇರಲಿಲ್ಲ. ಆ ವರ್ಷ ಪ್ಲಾಂಕ್ ಅವರನ್ನು ತಮ್ಮ ಸಹಾಯಕಿಯಾಗಿ ನೇಮಿಸಿಕೊಂಡರು. ಅಲ್ಲಿಯವರೆಗೆ ತಂದೆ ಕಳಿಸುತ್ತಿದ್ದ ಹಣದಲ್ಲೇ ಜೀವನ.

ಮೊದಲ ಮಹಾಯುದ್ಧದಲ್ಲಿ ಲೀಸೆ ಆಸ್ಟ್ರಿಯಾದ ಸೈನಿಕ ಆಸ್ಪತ್ರೆಗಳಲ್ಲಿ ಎಕ್ಸ್-ರೇ ವಿಭಾಗದಲ್ಲಿ ದುಡಿದರು. ಮರಳಿ ಬಂದು, ಹಾನ್ ಇನ್ನೂ ಸೇನೆಯಲ್ಲಿದ್ದಾಗ, ಇಬ್ಬರೂ ಹಿಂದೆ ಶುರು ಮಾಡಿದ್ದ ಹುಡುಕಾಟವನ್ನು ಬಹುಮಟ್ಟಿಗೆ ಒಬ್ಬರೇ ಮುಂದುವರಿಸಿ 91ನೆಯ ಧಾತುವಾದ ಪ್ರೊಟಾಕ್ಟಿನಿಯಂ ಪತ್ತೆ ಮಾಡಿದರು. 1918ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಮೊದಲ ಹೆಸರು ಹಾನ್ ಅವರದು. 1922ರಲ್ಲಿ ಪರಮಾಣುವಿನಿಂದ ಎಲೆಕ್ಟ್ರಾನ್ ಹೊರಬೀಳುವ ಒಂದು ವಿಶೇಷ ಬಗೆಯನ್ನು ಅವರು ವಿವರಿಸಿದರು. ಮರುವರ್ಷ ಪಿಯೆರ್ ಓಜೆ ಎಂಬ ಫ್ರೆಂಚ್ ವಿಜ್ಞಾನಿ ಸ್ವತಂತ್ರವಾಗಿ ಅದನ್ನೇ ಕಂಡರು. ಪುಸ್ತಕಗಳಲ್ಲಿ ಅದು ‘ಓಜೆ ಪರಿಣಾಮ’ವಾಗಿ ಉಳಿಯಿತು. ಅದೇ 1922ರಲ್ಲಿ ಬೋಧಿಸುವ ಅರ್ಹತೆ ಪಡೆದು ‘ಕಾಸ್ಮಿಕ್’ ಭೌತಶಾಸ್ತ್ರದ ಮೇಲೆ ಅವರು ಕೊಟ್ಟ ಮೊದಲ ಉಪನ್ಯಾಸದ ಸುದ್ದಿ ಪತ್ರಿಕೆಯಲ್ಲಿ ‘ಕಾಸ್ಮೆಟಿಕ್’ ಭೌತಶಾಸ್ತ್ರ ಎಂದು ಅಚ್ಚಾಯಿತು. ಹೆಂಗಸೊಬ್ಬಳು ಮಾತಾಡಿದರೆ ಸ್ನೋ-ಪೌಡರಿನ ಬಗ್ಗೆಯೇ ಇರಬೇಕು ಎಂದು ಅಚ್ಚಿನ ಮನೆಯವರಿಗೆ ಅನ್ನಿಸಿತ್ತೇನೋ! 1926ರಲ್ಲಿ ಅವರು ಪ್ರಾಧ್ಯಾಪಕಿಯಾದರು. ಜರ್ಮನಿಯಲ್ಲಿ ಭೌತಶಾಸ್ತ್ರದಲ್ಲಿ ಆ ಸ್ಥಾನ ಪಡೆದ ಮೊದಲ ಮಹಿಳೆ ಅವರು. ಐನ್‌ಸ್ಟೈನ್ ಅವರನ್ನು ನಮ್ಮ ಮೇರಿ ಕ್ಯೂರಿ ಎಂದು ಹೊಗಳುತ್ತಿದ್ದರಂತೆ.

ಗಡಿ ದಾಟಿದ ದಿನ

1934ರಲ್ಲಿ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿ ಯುರೇನಿಯಂಗೆ ನ್ಯೂಟ್ರಾನ್‌ಗಳನ್ನು ಹೊಡೆದಾಗ ಹೊಸ ವಿಕಿರಣಶೀಲ ವಸ್ತುಗಳು ಕಂಡವು. ಯುರೇನಿಯಂಗಿಂತ ಭಾರವಾದ ಹೊಸ ಧಾತುಗಳು ಹುಟ್ಟಿವೆ ಎಂದು ಎಲ್ಲರೂ ಎಣಿಸಿದರು. ಬೀಜವೇ ದೊಡ್ಡ ತುಂಡುಗಳಾಗಿ ಒಡೆದಿರಬಹುದಲ್ಲ ಎಂದು ಈಡಾ ನೊಡಾಕ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞೆ ಆಗಲೇ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಮೈಟ್ನರ್ ಕೂಡ. ಈ ಹೊಸ ವಸ್ತುಗಳ ಗುಟ್ಟು ಬಿಡಿಸಲು ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡೂ ಬೇಕೆಂದು ಅರಿತ ಮೈಟ್ನರ್ ಹಾನ್ ಅವರನ್ನು ಒಪ್ಪಿಸಿ ಕೆಲಸಕ್ಕೆ ಎಳೆತಂದರು. ಫ್ರಿಟ್ಸ್ ಸ್ಟ್ರಾಸ್‌ಮನ್ ಎಂಬ ತರುಣ ರಸಾಯನಶಾಸ್ತ್ರಜ್ಞ ಮೂರನೆಯವರಾಗಿ ಸೇರಿದರು. ಈ ಮೂವರ ಕೆಲಸ ನಾಲ್ಕು ವರ್ಷ ನಡೆಯಿತು.

ಅಷ್ಟರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. 1933ರಲ್ಲೇ ಮೈಟ್ನರ್ ಪಾಠ ಹೇಳುವ ಹಕ್ಕನ್ನು ಕಿತ್ತುಕೊಳ್ಳಲಾಯಿತು. ಆಸ್ಟ್ರಿಯಾದ ಪ್ರಜೆಯಾದ್ದರಿಂದ ಸಂಶೋಧನೆ ಮಾತ್ರ ಮುಂದುವರಿಯಿತು. ಕಟ್ಟಿ ಬೆಳೆಸಿದ ವಿಭಾಗವನ್ನು ಬಿಟ್ಟುಹೋಗಲು ಮನಸ್ಸು ಬಾರದೆ ಅವರು ಉಳಿದರು. ಆಗಲೇ ಹೊರಡದಿದ್ದದ್ದು ತಪ್ಪು ಎಂದು ಯುದ್ಧದ ನಂತರ ಅವರೇ ತಮ್ಮನ್ನು ಕಟುವಾಗಿ ಟೀಕಿಸಿಕೊಂಡರು. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅವರ ಪಾಸ್‌ಪೋರ್ಟು ಬರೀ ಕಾಗದವಾಯಿತು. ಜುಲೈ 13ರಂದು ಎರಡು ಸಣ್ಣ ಪೆಟ್ಟಿಗೆ, ಪರ್ಸಿನಲ್ಲಿ ಹತ್ತು ಮಾರ್ಕ್ ಇಟ್ಟುಕೊಂಡು, ಡಿರ್ಕ್ ಕೋಸ್ಟರ್ ಎಂಬ ಡಚ್ ಭೌತವಿಜ್ಞಾನಿಯ ಜೊತೆ ರೈಲಿನಲ್ಲಿ ಹಾಲೆಂಡ್ ಗಡಿ ದಾಟಿದರು. ಗಡಿ ಕಾವಲುಗಾರರಿಗೆ ಲಂಚ ಕೊಡಬೇಕಾಗಿ ಬಂದರೆ ಇರಲಿ ಎಂದು ಹಾನ್ ತಮ್ಮ ತಾಯಿಯ ವಜ್ರದ ಉಂಗುರವನ್ನು ಅವರ ಕೈಯಲ್ಲಿಟ್ಟಿದ್ದರು. ಹಾನ್ ಬಗ್ಗೆ ಮುಂದೆ ಏನೇ ಹೇಳಿದರೂ ಈ ಉಂಗುರವನ್ನು ಮರೆಯಬಾರದು.

ಅಲ್ಲಿಂದ ಡೆನ್ಮಾರ್ಕ್ ಮೂಲಕ ಸ್ವೀಡನ್ನಿನ ಸ್ಟಾಕ್‌ಹೋಮ್. ಅಲ್ಲಿ ಕೂರಲು ಜಾಗ ಸಿಕ್ಕಿತು, ಕೆಲಸ ಮಾಡಲು ಸಲಕರಣೆಯೂ ಸಹಾಯಕರೂ ಸಿಗಲಿಲ್ಲ. ಬರ್ಲಿನ್ನಿನ ಪ್ರಯೋಗದ ಜೊತೆ ಉಳಿದಿದ್ದ ಸಂಪರ್ಕ ಹಾನ್ ಜೊತೆಗಿನ ಪತ್ರಗಳು. ನವೆಂಬರಿನಲ್ಲಿ ಇಬ್ಬರೂ ಕೋಪನ್‌ಹೇಗನ್‌ನಲ್ಲಿ ಗುಟ್ಟಾಗಿ ಭೇಟಿಯಾದರು. ಯುರೇನಿಯಂನಿಂದ ರೇಡಿಯಂ ಬರುತ್ತಿದೆ ಎಂಬ ಹಾನ್ ಮತ್ತು ಸ್ಟ್ರಾಸ್‌ಮನ್ ಫಲಿತಾಂಶ ಭೌತಶಾಸ್ತ್ರಕ್ಕೆ ಹೊಂದುವುದಿಲ್ಲ, ಮತ್ತೆ ಪರೀಕ್ಷೆ ಮಾಡಿ ಎಂದು ಮೈಟ್ನರ್ ಒತ್ತಾಯಿಸಿದರು. ಆ ಮರುಪರೀಕ್ಷೆಯಿಂದಲೇ ಮುಂದಿನದು ಹುಟ್ಟಿದ್ದು.

ಹಿಮದ ದಾರಿಯ ಲೆಕ್ಕ

ಡಿಸೆಂಬರ್ 19ರಂದು ಹಾನ್ ಬರೆದ ಪತ್ರದಲ್ಲಿ ವಿಚಿತ್ರ ಸುದ್ದಿಯಿತ್ತು. ರೇಡಿಯಂ ಎಂದುಕೊಂಡಿದ್ದ ವಸ್ತುವನ್ನು ಎಷ್ಟು ಪ್ರಯತ್ನಿಸಿದರೂ ಬೇರಿಯಂನಿಂದ ಬೇರ್ಪಡಿಸಲಾಗುತ್ತಿಲ್ಲ, ಅದು ಬೇರಿಯಂ ಹಾಗೆಯೇ ವರ್ತಿಸುತ್ತಿದೆ. ಇದಕ್ಕೆ ನಿಮಗೇನಾದರೂ ವಿವರಣೆ ಹೊಳೆಯುತ್ತದೆಯೇ ಎಂದು ಹಾನ್ ಕೇಳಿದ್ದರು. ಯುರೇನಿಯಂನ ಪರಮಾಣು ಸಂಖ್ಯೆ 92, ಬೇರಿಯಂನದು 56. ಬೀಜದಿಂದ ಒಂದೆರಡು ಚೂರು ಸಿಡಿಯುವುದು ಗೊತ್ತಿದ್ದ ಸಂಗತಿ. ಒಂದು ನಿಧಾನಗತಿಯ ನ್ಯೂಟ್ರಾನ್ ತಗುಲಿ ಬೀಜ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದೆಂದರೆ, ಗೋಲಿ ಹೊಡೆದು ಬಂಡೆ ಎರಡಾದ ಹಾಗೆ.

ಆ ಕ್ರಿಸ್‌ಮಸ್ ರಜೆಯಲ್ಲಿ ಮೈಟ್ನರ್ ಸ್ವೀಡನ್ನಿನ ಪಶ್ಚಿಮ ಭಾಗದ ಕುಂಗೆಲ್ವ್ ಎಂಬ ಸಣ್ಣ ಊರಿನಲ್ಲಿ ಸ್ನೇಹಿತೆಯ ಮನೆಗೆ ಹೋಗಿದ್ದರು. ಅವರ ಅಕ್ಕನ ಮಗ ಒಟ್ಟೊ ಫ್ರಿಶ್ ಕೂಡ ಅಲ್ಲಿಗೆ ಬಂದಿದ್ದ. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಬಳಿ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಅವನು. ತನ್ನ ಹೊಸ ಪ್ರಯೋಗದ ಬಗ್ಗೆ ಹೇಳಲು ಬಂದರೆ, ಚಿಕ್ಕಮ್ಮ ಮೊದಲು ಈ ಪತ್ರ ಓದು ಎಂದು ಕೈಗಿತ್ತರು. ಹಾನ್ ತಪ್ಪು ಮಾಡಿರಬಹುದು ಎಂದ ಫ್ರಿಶ್. ಹಾನ್ ಅಂಥ ತಪ್ಪು ಮಾಡುವ ರಸಾಯನಶಾಸ್ತ್ರಜ್ಞರಲ್ಲ ಎಂದರು ಮೈಟ್ನರ್. ಫ್ರಿಶ್ ಹಿಮಜಾರುಗಾಲಿನಲ್ಲಿ, ಮೈಟ್ನರ್ ಪಕ್ಕದಲ್ಲಿ ನಡೆಯುತ್ತ, ಇಬ್ಬರೂ ಮಾತಾಡುತ್ತ ಹೋದರು.

ಹೊಳೆದದ್ದು ಹೀಗೆ. ಪರಮಾಣುವಿನ ಬೀಜ ಒಂದು ದ್ರವದ ಹನಿಯಂತೆ ಎಂದು ಬೋರ್ ಮೊದಲಾದವರು ಹೇಳುತ್ತಿದ್ದರು. ಕೆಸುವಿನ ಎಲೆಯ ಮೇಲಿನ ನೀರಿನ ಹನಿಯನ್ನು ನೆನಪಿಸಿಕೊಳ್ಳಿ. ಮೇಲ್ಮೈ ಬಿಗಿತ ಅದನ್ನು ಗುಂಡಗೆ ಹಿಡಿದಿಡುತ್ತದೆ. ಎಲೆ ಅಲುಗಿಸಿದರೆ ಹನಿ ಉದ್ದವಾಗಿ, ನಡುವೆ ಸಣ್ಣಗಾಗಿ, ಒಮ್ಮೊಮ್ಮೆ ಎರಡಾಗುತ್ತದೆ. ಯುರೇನಿಯಂ ಬೀಜದಲ್ಲಿ 92 ಪ್ರೋಟಾನ್‌ಗಳು ಒಂದನ್ನೊಂದು ದೂಡುತ್ತಿರುವುದರಿಂದ ಆ ಬಿಗಿತ ಬಹುತೇಕ ಸಡಿಲವಾಗಿಬಿಟ್ಟಿದೆ. ಒಂದು ನ್ಯೂಟ್ರಾನ್ ಒಳಹೊಕ್ಕರೆ ಸಾಕು, ಹನಿ ತೊನೆದು, ಹಿಗ್ಗಿ, ಎರಡಾಗಬಹುದು. ಒಂದು ತುಂಡು ಬೇರಿಯಂ ಆದರೆ ಇನ್ನೊಂದು 36ನೆಯ ಧಾತು ಕ್ರಿಪ್ಟಾನ್. 56ಕ್ಕೆ 36 ಕೂಡಿಸಿ ನೋಡಿ.

ಎರಡು ತುಂಡುಗಳೂ ಪರಸ್ಪರ ದೂಡಿಕೊಂಡು ಸಿಡಿಯುವಾಗ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬರಬೇಕು. ಅಷ್ಟು ಶಕ್ತಿ ಎಲ್ಲಿಂದ ಬಂತು? ದಾರಿಯಲ್ಲಿ ಒಂದು ಮರದ ದಿಮ್ಮಿಯ ಮೇಲೆ ಕೂತು ಇಬ್ಬರೂ ಚೀಟಿಗಳ ಮೇಲೆ ಲೆಕ್ಕ ಹಾಕಿದರು. ಬೀಜಗಳ ದ್ರವ್ಯರಾಶಿ ಲೆಕ್ಕ ಹಾಕುವ ಸೂತ್ರ ಮೈಟ್ನರ್ ಅವರಿಗೆ ನೆನಪಿನಲ್ಲೇ ಇತ್ತು. ಎರಡು ತುಂಡುಗಳನ್ನು ಕೂಡಿಸಿದರೆ ಮೂಲ ಬೀಜಕ್ಕಿಂತ ಒಂದು ಪ್ರೋಟಾನ್‌ನ ಐದನೆಯ ಒಂದು ಭಾಗದಷ್ಟು ತೂಕ ಕಡಿಮೆ ಬಂತು. 1909ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಐನ್‌ಸ್ಟೈನ್ ಉಪನ್ಯಾಸ ಕೇಳಿ ಬೆರಗಾಗಿದ್ದ ಮೈಟ್ನರ್, ಕಳೆದುಹೋದ ದ್ರವ್ಯ ಶಕ್ತಿಯಾಗುತ್ತದೆ ಎಂಬ ಆ ಸಮೀಕರಣಕ್ಕೆ ಈ ಅಂಕಿ ಹಾಕಿದರು. ಬಂದದ್ದು ಅದೇ ಸುಮಾರು 20 ಕೋಟಿ. ಎರಡು ಬೇರೆ ದಾರಿಯ ಲೆಕ್ಕಗಳು ಒಂದೇ ಕಡೆ ಬಂದು ಸೇರಿದ್ದವು. ಕಣ್ಣಿಗೆ ಕಾಣುವ ಒಂದು ಮರಳಿನ ಕಣವನ್ನು ಕಾಣುವಷ್ಟು ಮೇಲೆ ನೆಗೆಸಲು ಒಂದೇ ಒಂದು ಬೀಜದ ಈ ಶಕ್ತಿ ಸಾಕು ಎಂದು ಫ್ರಿಶ್ ಮುಂದೆ ಬರೆದ.

ಫ್ರಿಶ್ ಹೋಗಿ ಬೋರ್ ಅವರಿಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡು, ಇದು ನಮಗೆ ಮೊದಲೇ ಹೊಳೆಯಬೇಕಿತ್ತು ಎಂದರಂತೆ. ಜೀವಕೋಶ ಎರಡಾಗುವುದಕ್ಕೆ ಜೀವವಿಜ್ಞಾನಿಗಳು ಬಳಸುವ ‘ಫಿಶನ್’ ಎಂಬ ಪದವನ್ನು ಫ್ರಿಶ್ ಇದಕ್ಕೆ ಕೊಟ್ಟ. ಅದೇ ನಮ್ಮ ‘ವಿದಳನ’. ಚಿಕ್ಕಮ್ಮ ಮತ್ತು ಮಗ ಟೆಲಿಫೋನಿನಲ್ಲಿ ಮಾತಾಡಿಕೊಂಡು ಬರೆದ ಪುಟ್ಟ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ 1939ರ ಫೆಬ್ರುವರಿ 11ರಂದು ಬಂತು. ಹಾನ್ ಮತ್ತು ಸ್ಟ್ರಾಸ್‌ಮನ್ ಅವರ ಬೇರಿಯಂ ಪ್ರಬಂಧ ಅದಕ್ಕೂ ಮೊದಲು, ಜನವರಿ 6ರಂದು ಜರ್ಮನಿಯಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಮೈಟ್ನರ್ ಸಹಲೇಖಕಿಯಾಗಿ ಇರಲಿಲ್ಲ. ದೇಶ ಬಿಟ್ಟುಹೋದ ಯಹೂದಿ ಮಹಿಳೆಯ ಹೆಸರನ್ನು ಹಾಕುವುದು ಆಗಿನ ಜರ್ಮನಿಯಲ್ಲಿ ಸಾಧ್ಯವಿರಲಿಲ್ಲ.

ಬಹುಮಾನ ಯಾರಿಗೆ?

ಹೆದರಿಕೆಯ ದಿನಗಳಲ್ಲಿ ಬಿಟ್ಟ ಹೆಸರನ್ನು ಹೆದರಿಕೆ ಹೋದ ಮೇಲೆ ಸೇರಿಸಬಹುದಿತ್ತು. ಹಾಗಾಗಲಿಲ್ಲ. ವಿದಳನ ಸಂಪೂರ್ಣವಾಗಿ ರಸಾಯನಶಾಸ್ತ್ರದ ಸಾಧನೆ, ಭೌತಶಾಸ್ತ್ರದ ಪಾಲು ಅದರಲ್ಲಿ ಇಲ್ಲ ಎಂಬ ಧಾಟಿಯಲ್ಲಿ ಹಾನ್ ಮಾತಾಡತೊಡಗಿದರು. ಯುದ್ಧ ಮುಗಿದ ಮೇಲೂ ಅದನ್ನೇ ಹೇಳುತ್ತ ಬಂದರು. 1944ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 1945ರ ನವೆಂಬರಿನಲ್ಲಿ ಘೋಷಿಸಿದಾಗ ಅದು ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್ ಹೆಸರು ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಸೇರಿ ನಲವತ್ತಕ್ಕೂ ಹೆಚ್ಚು ಸಲ ನಾಮನಿರ್ದೇಶನಗೊಂಡಿತ್ತು, ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ನೊಬೆಲ್ ಸಮಿತಿಯ ಕಾಗದಪತ್ರಗಳನ್ನು ಐವತ್ತು ವರ್ಷ ಗುಟ್ಟಾಗಿ ಇಡುತ್ತಾರೆ. ಅವು ತೆರೆದ ಮೇಲೆ ಓದಿದ ಇತಿಹಾಸಕಾರರು, ಎರಡು ಶಾಸ್ತ್ರಗಳ ನಡುವೆ ನಡೆದ ಕೆಲಸವನ್ನು ಸಮಿತಿ ಸರಿಯಾಗಿ ತೂಗಲಿಲ್ಲ ಎಂದು ತೋರಿಸಿಕೊಟ್ಟಿದ್ದಾರೆ. ಮ್ಯೂನಿಕ್‌ನ ದೊಡ್ಡ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಆ ಪ್ರಯೋಗದ ಮೇಜು ಬಹಳ ವರ್ಷ ಒಟ್ಟೊ ಹಾನ್ ಅವರ ಮೇಜು ಎಂಬ ಫಲಕದೊಂದಿಗೆ ಇತ್ತು. ಅದರ ಮೇಲಿದ್ದ ಅಳತೆಯ ಉಪಕರಣಗಳು ಮೈಟ್ನರ್ ವಿಭಾಗದ ಕೆಲಸಕ್ಕೆ ಸೇರಿದವು. ಸ್ಟ್ರಾಸ್‌ಮನ್ ಮಾತ್ರ ನಮ್ಮ ತಂಡದ ಬೌದ್ಧಿಕ ನಾಯಕಿ ಮೈಟ್ನರ್ ಎಂದು ಕೊನೆಯವರೆಗೂ ಹೇಳಿದರು.

ಸಾಫ್ಟ್‌ವೇರ್ ಕೆಲಸದಲ್ಲಿ ಇದು ನಾವು ದಿನವೂ ಕಾಣುವ ವಿಷಯ. ಪ್ರೋಗ್ರಾಮ್ ಎಲ್ಲೋ ತಪ್ಪು ಉತ್ತರ ಕೊಡುತ್ತಿದೆ ಎಂದು ಒಬ್ಬರು ಪತ್ತೆ ಮಾಡುತ್ತಾರೆ. ಇನ್ನೊಬ್ಬರು ಹತ್ತು ಸಲ ನಡೆಸಿ ಅದು ನಿಜ ಎಂದು ಖಚಿತಪಡಿಸುತ್ತಾರೆ. ಯಾಕೆ ಹಾಗಾಗುತ್ತಿದೆ ಎಂದು ಮೂರನೆಯವರು ಹೇಳುತ್ತಾರೆ. ಆ ‘ಯಾಕೆ’ ಸಿಗದೆ ಕೆಲಸ ಮುಗಿಯುವುದಿಲ್ಲ, ಮೊದಲಿಬ್ಬರಿಲ್ಲದೆ ‘ಯಾಕೆ’ ಎಂದು ಕೇಳುವ ಪ್ರಶ್ನೆಯೇ ಹುಟ್ಟುವುದಿಲ್ಲ. ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂದು ದಾಖಲಿಸಿಡುವ ವ್ಯವಸ್ಥೆ ನಮ್ಮಲ್ಲಿದೆ. ಆದರೂ ಮೀಟಿಂಗಿನಲ್ಲಿ ಹೊಗಳಿಕೆ ಸಿಗುವುದು ಹೆಚ್ಚಾಗಿ ಕೊನೆಯಲ್ಲಿ ಎದ್ದು ಮಾತಾಡಿದವರಿಗೆ. ಹಾನ್ ಮತ್ತು ಸ್ಟ್ರಾಸ್‌ಮನ್ ಅವರ ರಸಾಯನಶಾಸ್ತ್ರ ಅಪ್ರತಿಮವಾದದ್ದು, ಅದನ್ನು ಕಡಿಮೆ ಮಾಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಬರೆಯಲು ಜಾಗವಿದೆ ಎಂಬುದಷ್ಟೇ ನನ್ನ ಮಾತು.

ಬಾಂಬಿಗೆ ಇಲ್ಲವೆಂದವರು

ವಿದಳನದ ಸುದ್ದಿ ಹರಡಿದ ಕೆಲವೇ ತಿಂಗಳಲ್ಲಿ ಸರಪಳಿ ಕ್ರಿಯೆಯ ಮಾತು, ಆಮೇಲೆ ಬಾಂಬಿನ ಮಾತು ಬಂದವು. 1943ರಲ್ಲಿ ಮೈಟ್ನರ್ ಅವರಿಗೆ ಬಾಂಬ್ ಯೋಜನೆ ಸೇರುವಂತೆ ಕರೆ ಬಂತು. ಹೋಗಿದ್ದರೆ ಸ್ವೀಡನ್ನಿನ ಒಂಟಿತನ ತಪ್ಪುತ್ತಿತ್ತು, ಒಳ್ಳೆಯ ಪ್ರಯೋಗಾಲಯ ಸಿಗುತ್ತಿತ್ತು, ಹಳೆಯ ಗೆಳೆಯರು ಜೊತೆಗಿರುತ್ತಿದ್ದರು. ಫ್ರಿಶ್ ಹೋದ. ಬಾಂಬಿನ ಜೊತೆ ನನಗೆ ಯಾವ ಸಂಬಂಧವೂ ಬೇಡ ಎಂದು ಮೈಟ್ನರ್ ಹೇಳಿಬಿಟ್ಟರು. ಹಿರೋಶಿಮಾದ ನಂತರ ಪತ್ರಿಕೆಗಳು ಅವರನ್ನು ಬಾಂಬಿನ ತಾಯಿ ಎಂದು ಬರೆದಾಗ ತುಂಬ ನೊಂದುಕೊಂಡರು. ಅವರು ನೊಬೆಲ್‌ ಬಗ್ಗೆ ದೊಡ್ಡ ದೂರು ಹೇಳಿದವರಲ್ಲ. ಹಾನ್ ಮತ್ತು ಇತರ ಗೆಳೆಯರಿಗೆ ಅವರು ನೇರವಾಗಿ ಕೇಳಿದ್ದು ಬೇರೆ ಪ್ರಶ್ನೆ: ನಾಜಿ ಜರ್ಮನಿಗಾಗಿ ಕೆಲಸ ಮಾಡುತ್ತ ಸುಮ್ಮನಿದ್ದಿರಲ್ಲ, ಅದಕ್ಕೆ ಏನು ಹೇಳುತ್ತೀರಿ? ಇಷ್ಟಾದರೂ ಹಾನ್ ಜೊತೆಗಿನ ಸ್ನೇಹವನ್ನು ಕಡಿದುಕೊಳ್ಳಲಿಲ್ಲ.

1966ರಲ್ಲಿ ಅಮೆರಿಕದ ಎನ್ರಿಕೊ ಫರ್ಮಿ ಪ್ರಶಸ್ತಿ ಹಾನ್, ಮೈಟ್ನರ್, ಸ್ಟ್ರಾಸ್‌ಮನ್ ಮೂವರಿಗೂ ಒಟ್ಟಿಗೆ ಬಂತು. ಕೊನೆಗೂ ಮೂರು ಹೆಸರು ಒಂದೇ ಸಾಲಿನಲ್ಲಿ ಬಂದವು. 1968ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮೈಟ್ನರ್ ತೀರಿಕೊಂಡರು. ತೊಂಬತ್ತು ತುಂಬಲು ಕೆಲವೇ ದಿನ ಬಾಕಿಯಿತ್ತು. ಮನುಷ್ಯತ್ವವನ್ನು ಎಂದೂ ಕಳೆದುಕೊಳ್ಳದ ಭೌತವಿಜ್ಞಾನಿ ಎಂಬ ಅರ್ಥದ ಮಾತನ್ನು ಫ್ರಿಶ್ ಅವರ ಸಮಾಧಿಯ ಮೇಲೆ ಕೆತ್ತಿಸಿದ. 1982ರಲ್ಲಿ ಜರ್ಮನಿಯಲ್ಲೇ ಸೃಷ್ಟಿಸಿದ 109ನೆಯ ಧಾತುವಿಗೆ 1997ರಲ್ಲಿ ‘ಮೈಟ್ನೇರಿಯಂ’ ಎಂಬ ಹೆಸರು ಅಧಿಕೃತವಾಯಿತು. ನಮ್ಮ ಪ್ರಯೋಗಾಲಯದ ಗೋಡೆಯಲ್ಲಿ ಹೊಸ ಆವರ್ತ ಕೋಷ್ಟಕವಿದ್ದರೆ ಕೆಳಗಿನ ಸಾಲಿನಲ್ಲಿ ಹುಡುಕಿ ನೋಡಿ. ಹಾನ್ ಹೆಸರಿನ ಧಾತು ಅದರಲ್ಲಿ ಇಲ್ಲ.

ಈಗ ಈ ಶಾಲೆಯಲ್ಲಿ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಕಾಲದಲ್ಲಿ ಪ್ರಯೋಗದ ತರಗತಿಯಲ್ಲಿ ಒಂದು ಉಪಕರಣಕ್ಕೆ ಆರು ಜನ ಇರುತ್ತಿದ್ದೆವು. ಹುಡುಗರು ಉಪಕರಣ ಹಿಡಿಯುವುದು, ಹುಡುಗಿಯರು ಅಳತೆ ಬರೆದುಕೊಳ್ಳುವುದು ತಾನಾಗಿಯೇ ಆಗಿಬಿಡುತ್ತಿತ್ತು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಈಗಲೂ ಹಾಗೇ ಇದ್ದರೆ ಮುಂದಿನ ವಾರದಿಂದ ಸರದಿ ಬದಲಿಸಿಕೊಳ್ಳಿ. ಗುಂಪಿನಲ್ಲಿ ಮಾಡಿದ ವಿಜ್ಞಾನ ಮಾದರಿಗೆ ಎಲ್ಲರ ಹೆಸರನ್ನೂ ಬರೆಯಿರಿ. ‘ಹೀಗೇಕೆ ಆಯಿತು’ ಎಂದು ಕೇಳಿದವಳ ಹೆಸರನ್ನು ಮರೆಯದೆ ಸೇರಿಸಿ. ಹತ್ತನೆಯ ತರಗತಿ ಮುಗಿದ ಮೇಲೆ ವಿಜ್ಞಾನ ತೆಗೆದುಕೊಳ್ಳಬೇಕೆಂಬ ಆಸೆಯಿದ್ದರೆ ಮನೆಯಲ್ಲಿ ಬಾಯಿಬಿಟ್ಟು ಹೇಳಿ, ಬೇಕಾದರೆ ಗುರುಗಳಿಂದಲೂ ಹೇಳಿಸಿ. ಮುಂದಿನ ಸಲ ರಸಪ್ರಶ್ನೆಯಲ್ಲಿ ಆ ಪ್ರಶ್ನೆ ಬಂದರೆ ನಾಲ್ಕೂ ಹೆಸರು ಹೇಳಿ: ಹಾನ್, ಸ್ಟ್ರಾಸ್‌ಮನ್, ಮೈಟ್ನರ್, ಫ್ರಿಶ್.